ಚೊಗರಿನ ಬಣ್ಣ: ಭೀಮನಕೋಣೆಯ ಚರಕವನ್ನು ಕುರಿತು

ಕಾವ್ಯಕ್ಕೆ ವಿಮರ್ಶಕರುಂಟು, ನಾಟಕಕ್ಕುಂಟು, ಸಂಗೀತಕ್ಕೂ ಉಂಟು, ಬಟ್ಟೆಗೆ ಇಲ್ಲ. ಬಟ್ಟೆಯನ್ನು ಕುರಿತು ಮಾತನಾಡುವವರು ಬಹುಮಟ್ಟಿಗೆ ಎರಡು ಬಗೆಯವರು: ಬೆಲೆ ಹೇಳುವ ವ್ಯಾಪಾರಿಗಳು, ಕನಿಕರ ಹೇಳುವ ಭಾಷಣಕಾರರು. ವ್ಯಾಪಾರಿಗೆ ಅದು ಸರಕು. ಭಾಷಣಕಾರನಿಗೆ ನೇಕಾರರ ಕಷ್ಟವನ್ನು ನೆನೆಯಲು ಒಂದು ನೆಪ. ನೇಯ್ದ ಕೈ ಏನನ್ನು ಸಾಧಿಸಿತು, ಎಲ್ಲಿ ಸೋತಿತು ಎಂದು ಬಟ್ಟೆಯನ್ನೇ ಎದುರಿಗಿಟ್ಟುಕೊಂಡು ಕೇಳುವವರು ವಿರಳ. ಶಿವಮೊಗ್ಗ ಜಿಲ್ಲೆಯ ಭೀಮನಕೋಣೆಯ ‘ಚರಕ’ ಸಂಸ್ಥೆಯನ್ನು ಕುರಿತು ಬಂದಿರುವ ಬರಹಗಳಲ್ಲಿಯೂ ಹೆಚ್ಚಿನವು ಪ್ರಶಂಸೆಯ ಬರಹಗಳೇ. ಪ್ರಶಂಸೆ ಅನುಚಿತವಲ್ಲ. ಆದರೆ ಕಲೆಯನ್ನು ಕಲೆಯೆಂದು ಮನ್ನಿಸುವುದಾದರೆ ಅದನ್ನು ಪರೀಕ್ಷಿಸಲೂ ಬೇಕಷ್ಟೆ. ಆ ಪರೀಕ್ಷೆಯನ್ನು ವಾಚಕರೊಡನೆ ಕೂಡಿ ಮಾಡಬೇಕೆಂಬುದು ಈ ಲೇಖನದ ಉದ್ದೇಶ.

ಸಾಗರ ತಾಲ್ಲೂಕಿನ ಹೆಗ್ಗೋಡನ್ನು ಅರಿಯದ ಕನ್ನಡಿಗರು ಕಡಿಮೆ. 1949ರಲ್ಲಿ ಕೆ. ವಿ. ಸುಬ್ಬಣ್ಣನವರೂ ಅವರ ಗೆಳೆಯರೂ ಅಲ್ಲಿ ಕಟ್ಟಿದ ನೀನಾಸಮ್, 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು, 1985ರಲ್ಲಿ ‘ತಿರುಗಾಟ’ವನ್ನು ಆರಂಭಿಸಿ, ಅಡಿಕೆ ತೋಟಗಳ ನಡುವಿನ ಆ ಹಳ್ಳಿಯನ್ನು ನಾಡಿನ ರಂಗಭೂಮಿಯ ಒಂದು ಕೇಂದ್ರವನ್ನಾಗಿಸಿತು. ಅಲ್ಲಿಗೆ ಸಮೀಪದ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ಹುಟ್ಟಿದ್ದು ಚರಕವೆಂಬ ಮಹಿಳೆಯರ ಸಹಕಾರ ಸಂಘ. ಇದರ ಹಿಂದಿನ ಪ್ರೇರಣೆ ರಂಗನಿರ್ದೇಶಕ ಶ್ರೀ ಪ್ರಸನ್ನ ಅವರದು. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು, 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡದ ಮೂಲಕ ಬೀದಿಗೆ ನಾಟಕವನ್ನು ತಂದವರು, ಕಡೆಗೆ ಹಳ್ಳಿಯಲ್ಲಿ ಮಗ್ಗದ ಪಕ್ಕದಲ್ಲಿ ಬಂದು ನಿಂತರು. ನಾಟಕಕಾರನೊಬ್ಬ ನೇಯ್ಗೆಗೆ ಕೈಯಿಕ್ಕಿದನೆಂದು ಆಗ ಆಶ್ಚರ್ಯಪಟ್ಟವರಿದ್ದಾರೆ. ಮಗ್ಗವನ್ನೂ ರಂಗವನ್ನೂ ಬೇರೆಯೆಂದು ಬಗೆದವರಿಗೆ ಮಾತ್ರ ಅದು ಆಶ್ಚರ್ಯ. ಚರಕದ ಉತ್ಸವಗಳಲ್ಲಿ ನಾಟಕ, ಸಂಗೀತ, ಬಟ್ಟೆ ಮೂರೂ ಒಂದೇ ಅಂಗಳದಲ್ಲಿ ಕೂಡುತ್ತ ಬಂದಿವೆ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಸಾಗರದ ಸೀಮೆ ಅಡಿಕೆಯದು, ಭತ್ತದ್ದು, ಕಾಡಿನದು. ಅದು ಹತ್ತಿ ಬೆಳೆಯುವ ಸೀಮೆಯೂ ಅಲ್ಲ, ಇಳಕಲ್ಲು ಗುಳೇದಗುಡ್ಡಗಳಂತೆ ನೇಕಾರರ ಓಣಿಗಳಿರುವ ಸೀಮೆಯೂ ಅಲ್ಲ. ನಮ್ಮ ಬಡಗಣ ಜಿಲ್ಲೆಗಳಲ್ಲಿ ದೇವಾಂಗ, ಹಟಗಾರ, ಕುರುವಿನಶೆಟ್ಟಿ ಮೊದಲಾದ ಮನೆತನಗಳಲ್ಲಿ ಮಗು ತೊಟ್ಟಿಲಲ್ಲಿರುವಾಗಲೇ ಲಾಳಿಯ ಸದ್ದನ್ನು ಕೇಳುತ್ತದೆ. ಅಂಥ ಊರುಗಳಲ್ಲೇ ಕೈಮಗ್ಗಗಳು ಒಂದೊಂದಾಗಿ ಕೆಳಗಿಳಿದು ವಿದ್ಯುತ್ ಮಗ್ಗಗಳು ಮೇಲೇರಿದ ಕಾಲದಲ್ಲಿ, ನೇಯ್ಗೆಯ ಪರಂಪರೆಯೇ ಇಲ್ಲದ ಮಲೆನಾಡಿನ ಹೆಣ್ಣುಮಕ್ಕಳು ಹೊಸದಾಗಿ ಹಾಸು ಹೊಕ್ಕುಗಳನ್ನು ಕಲಿತರು. ಕುಲವೃತ್ತಿಯಾಗಿ ಬಾರದ ವಿದ್ಯೆಯನ್ನು ಅವರು ಕಾಯಕವಾಗಿ ಕೈಗೊಂಡರು. ಶರಣರು ವೃತ್ತಿಗೂ ಜಾತಿಗೂ ಹಾಕಿದ್ದ ಗಂಟನ್ನು ಸಡಿಲಿಸಲು ಹೆಣಗಿದ್ದನ್ನು ಬಲ್ಲ ನಮ್ಮ ವಾಚಕರಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಪರಂಪರೆಯಿಲ್ಲದಿರುವುದು ಒಂದು ಕೊರತೆಯೂ ಹೌದು. ಇಳಕಲ್ಲಿನ ಸೀರೆಯ ಕೆಂಪು ಸೆರಗಿಗೆ, ಗುಳೇದಗುಡ್ಡದ ಖಣದ ಒಡಲಿಗೆ ತಲೆಮಾರುಗಳು ತಿದ್ದಿ ತೀಡಿದ ಒಂದು ವ್ಯಾಕರಣವಿದೆ. ಭೀಮನಕೋಣೆಗೆ ಅಂಥ ವ್ಯಾಕರಣ ಇರಲಿಲ್ಲ. ಹಾಗಾದರೆ ಆ ಬಟ್ಟೆಗೆ ತನ್ನದೆನ್ನುವಂಥ ಲಕ್ಷಣ ಎಲ್ಲಿಂದ ಬಂದೀತು? ನನ್ನ ಮಟ್ಟಿಗೆ ಅದು ನೇಯ್ಗೆಯಿಂದ ಬರಲಿಲ್ಲ, ಬಣ್ಣದಿಂದ ಬಂದಿತು.

ಮಲೆನಾಡಿನಲ್ಲಿ ಎಳೆಯ ಅಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸುತ್ತಾರೆ. ಬೆಂದ ನೀರು ಕೆಂಪಾಗಿ, ಮರಳಿ ಮರಳಿ ಕುದಿದು ಗಟ್ಟಿಯಾಗುತ್ತದೆ. ಅದೇ ಚೊಗರು. ಅಡಿಕೆಗೆ ಮೆರುಗು ಕೊಡಲು ಅದನ್ನು ಬಳಸುವುದು ಹಳೆಯ ರೂಢಿ. ಮಿಕ್ಕದ್ದು ಬಹುಮಟ್ಟಿಗೆ ಅಡಿಕೆಯ ಜೊತೆಗಿನ ಉಪವಸ್ತು. ಆ ಮಿಕ್ಕ ಚೊಗರೇ ನೂಲಿಗೆ ಬಣ್ಣವಾಗುತ್ತದೆ. ಅದರ ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ದ್ರವ್ಯವೇ ಹತ್ತಿಯ ಎಳೆಯನ್ನು ಕಚ್ಚಿಕೊಳ್ಳುವುದು. ಪಟಿಕವನ್ನು ಸೇರಿಸಿದರೆ ಬಣ್ಣ ತಿಳಿಯಾಗುತ್ತದೆ, ಕಬ್ಬಿಣದ ಅಂಶವನ್ನು ಸೇರಿಸಿದರೆ ಬೂದಿಗಪ್ಪಿಗೆ ತಿರುಗುತ್ತದೆ. ದಾಳಿಂಬೆಯ ಸಿಪ್ಪೆ ಹಳದಿಯನ್ನು ಕೊಡುತ್ತದೆ. ಆ ಹಳದಿಯ ಮೇಲೆ ನೀಲಿಯನ್ನು ಹಾಯಿಸಿದರೆ ಹಸುರು. ನೀಲಿಯ ಹೌಜಿನಿಂದ ನೂಲಿನ ಲಡಿಯನ್ನು ಮೇಲೆತ್ತಿದಾಗ ಅದು ಮೊದಲು ಹಳದಿಹಸುರಾಗಿಯೇ ಇದ್ದು, ಗಾಳಿ ತಾಗಿದಂತೆ ಕಣ್ಣೆದುರಿಗೇ ನೀಲಿಯಾಗುತ್ತದೆ. ರಸಾಯನಶಾಸ್ತ್ರ ಇದನ್ನು ಆಮ್ಲಜನಕದ ಕ್ರಿಯೆಯೆಂದು ಸರಿಯಾಗಿಯೇ ವಿವರಿಸುತ್ತದೆ. ವಿವರಣೆಯನ್ನು ಬಲ್ಲವನಿಗೂ ಆ ನೋಟ ಸೋಜಿಗವೇ.

ಈ ಬಣ್ಣಗಳ ಗುಣವೇನೆಂದರೆ ಅವು ಪ್ರತಿಸಲವೂ ಒಂದೇ ಆಗಿರುವುದಿಲ್ಲ. ಈ ವರ್ಷದ ಅಡಿಕೆ, ಅದು ಕೊಯ್ಲಾದ ಹದ, ನೀರಿನ ಗುಣ, ಕುದಿಸಿದ ಹೊತ್ತು ಇವೆಲ್ಲ ಬಣ್ಣದೊಳಗೆ ಇಳಿಯುತ್ತವೆ. ಒಂದು ಲಡಿಗೂ ಇನ್ನೊಂದಕ್ಕೂ ನವಿರಾದ ಅಂತರ ಉಳಿಯುತ್ತದೆ. ಅಂಗಡಿಯವನ ಕಣ್ಣಿಗೆ ಇದು ದೋಷ. ಆದರೆ ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಅನ್ವಯಿಸಿ ಹೇಳಿದ ಔಚಿತ್ಯವೆಂಬ ತತ್ತ್ವವನ್ನು ಇಲ್ಲಿಗೆ ತಂದು ನೋಡಿರಿ. ಯಾವುದು ಯಾವುದಕ್ಕೆ ತಕ್ಕುದೋ ಅದು ಉಚಿತ. ಋತುವನ್ನು ನಂಬಿದ ಬಣ್ಣ ಋತುವಿನಂತೆ ವ್ಯತ್ಯಾಸಗೊಳ್ಳುವುದು ಉಚಿತವೇ ಹೊರತು ದೋಷವಲ್ಲ. ಚರಕದ ಒಳ್ಳೆಯ ಬಟ್ಟೆಗಳಲ್ಲಿ, ವಿಶೇಷವಾಗಿ ಚೊಗರಿನ ಕಂದು ಮತ್ತು ಬೂದಿಗಪ್ಪುಗಳನ್ನು ಪಟ್ಟೆಪಟ್ಟೆಯಾಗಿ ನೇಯ್ದವುಗಳಲ್ಲಿ, ಈ ಏರುಪೇರು ಕಲೆಗಾರಿಕೆಯಾಗಿ ಮಾರ್ಪಟ್ಟಿದೆ. ಮಳೆ ನಿಂತ ಮೇಲಿನ ತೋಟದ ನೆಲದ ಬಣ್ಣ ಅದು. ಅದೇ ನೂಲನ್ನು ಪೇಟೆಯ ಸಿದ್ಧ ಉಡುಪುಗಳ ಮಾದರಿಗೆ ಬಗ್ಗಿಸಿದಾಗ ಮಾತ್ರ ಬಣ್ಣಕ್ಕೂ ಆಕಾರಕ್ಕೂ ಹೊಂದಿಕೆ ತಪ್ಪುತ್ತದೆ. ಬಟ್ಟೆ ಒಂದು ಮಾತನ್ನು ಹೇಳಿದರೆ ಹೊಲಿಗೆ ಇನ್ನೊಂದನ್ನು ಹೇಳುತ್ತದೆ.

ಗಿಡದಿಂದ ಬಂದ ಬಣ್ಣವೆಲ್ಲ ತನ್ನಷ್ಟಕ್ಕೇ ಪವಿತ್ರವೆಂಬ ಭಾವನೆಯೊಂದು ಈಚೆಗೆ ಹರಡಿದೆ. ಇದನ್ನು ಒಪ್ಪಲಾಗದು. 1859–60ರಲ್ಲಿ ಬಂಗಾಳದ ರೈತರು ದಂಗೆಯೆದ್ದದ್ದು ಯಾವ ಬೆಳೆಯ ವಿರುದ್ಧ? ನೀಲಿಯ ವಿರುದ್ಧ. 1917ರಲ್ಲಿ ಗಾಂಧೀಜಿಯವರು ಚಂಪಾರಣ್ಯಕ್ಕೆ ಹೋದದ್ದು ಯಾವುದಕ್ಕಾಗಿ? ಅದೇ ನೀಲಿಯ ಬೇಸಾಯದ ಬಲಾತ್ಕಾರಕ್ಕಾಗಿ. ಆ ನೀಲಿ ಅಪ್ಪಟ ಗಿಡಮೂಲಿಕೆಯ ಬಣ್ಣವೇ ಆಗಿತ್ತು. 1897ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂದದ್ದು ನಮ್ಮ ನೀಲಿ ವ್ಯಾಪಾರವನ್ನು ಕೆಡವಿತು ನಿಜ. ಆ ವ್ಯಾಪಾರ ರೈತನನ್ನು ಸಾಕಿತ್ತೆಂದು ಯಾರೂ ಹೇಳಲಾರರು. ಆದುದರಿಂದ ಬಣ್ಣ ಯಾವ ಗಿಡದ್ದೆಂಬಷ್ಟೇ ಮುಖ್ಯವಾದ ಪ್ರಶ್ನೆ, ಹಂಡೆ ಯಾರದು, ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ ಎಂಬುದು. ಚರಕ ಸಹಕಾರ ಸಂಘವಾಗಿರುವುದು, ಅದರ ಸದಸ್ಯರು ಹಳ್ಳಿಯ ದುಡಿಯುವ ಹೆಣ್ಣುಮಕ್ಕಳಾಗಿರುವುದು ಈ ದೃಷ್ಟಿಯಿಂದ ಅದರ ಬಣ್ಣದ ಒಂದು ಭಾಗವೇ ಆಗಿದೆ ಎಂದರೆ ಅತಿಶಯೋಕ್ತಿಯಾಗದು.

ಹಾಗೆಯೇ ಪರಿಸರದ ಮಾತು. ನೂಲನ್ನು ಕುದಿಸಲು ಉರುವಲು ಬೇಕು, ತೊಳೆಯಲು ಹೇರಳವಾಗಿ ನೀರು ಬೇಕು. ಹತ್ತಿ ಹೊರಗಿನಿಂದ ಬರಬೇಕು. ನೀಲಿಯ ಗಿಡವೂ ಮಲೆನಾಡಿನದಲ್ಲ. ಇವನ್ನೆಲ್ಲ ಮರೆತು ‘ಪ್ರಕೃತಿಸಹಜ’ವೆಂಬ ಚೀಟಿಯನ್ನು ಅಂಟಿಸುವುದು ಸುಲಭ. ಬಟ್ಟೆಯನ್ನು ಕೊಳ್ಳುವವರು ಬಣ್ಣದ ಹೆಸರನ್ನು ಕೇಳುವಂತೆ ನೂಲಿನ ಊರನ್ನೂ ಕೇಳಬೇಕು. ಸೌದೆ ಎಲ್ಲಿಯದು, ತೊಳೆದ ನೀರು ಎಲ್ಲಿಗೆ ಹರಿಯಿತು ಎಂದೂ ಕೇಳಬೇಕು. ಇದು ಕುಚೋದ್ಯದ ಪ್ರಶ್ನೆಯಲ್ಲ. ಚರಕದಂಥ ಸಂಸ್ಥೆಯನ್ನು ಮಾತ್ರ ಈ ಪ್ರಶ್ನೆ ಕೇಳಲು ಸಾಧ್ಯ, ಏಕೆಂದರೆ ಕಾರ್ಖಾನೆಯ ಬಟ್ಟೆಯ ವಿಷಯದಲ್ಲಿ ಉತ್ತರಿಸುವ ಮನುಷ್ಯನೇ ಸಿಕ್ಕುವುದಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆಯಿದೆ. ಹಳ್ಳಿಯಲ್ಲಿ ನೇಯ್ದ ಈ ಬಟ್ಟೆಯನ್ನು ಉಡುವವರು ಯಾರು? ‘ದೇಸಿ’ ಎಂಬ ಮಳಿಗೆಗಳ ಮೂಲಕ ಅದು ಬೆಂಗಳೂರಿನಂಥ ನಗರಗಳನ್ನು ತಲುಪಿತು. ಅಧ್ಯಾಪಕರು, ಲೇಖಕರು, ಕಲಾವಿದರು ಅದರ ಜುಬ್ಬವನ್ನು ತೊಟ್ಟರು. ಅದು ಒಂದು ಗುರುತಾಯಿತು. ಸಭೆಯಲ್ಲಿ ನಾಲ್ಕನೆಯ ಸಾಲಿನಲ್ಲಿ ಕುಳಿತವರ ಜುಬ್ಬವನ್ನು ನೋಡಿಯೇ ಅವರ ವಿಚಾರಗಳನ್ನು ಊಹಿಸಬಹುದಾದಷ್ಟು ಗುರುತು. ಇತ್ತ ಗದ್ದೆಯಲ್ಲಿ ನಾಟಿ ಮಾಡುವ ಹೆಣ್ಣುಮಗಳು ಉಟ್ಟಿರುವುದು ಪಾಲಿಯೆಸ್ಟರ್ ಸೀರೆ. ಕೈಮಗ್ಗದ ಸೀರೆಯೊಂದರ ಬೆಲೆ ಅವಳ ಹಲವು ದಿನಗಳ ಕೂಲಿ. ಅವಳನ್ನು ದೂರುವ ಅಧಿಕಾರ ಯಾರಿಗೂ ಇಲ್ಲ. ಆದರೆ ಹಳ್ಳಿಯ ಕಲೆ ಹಳ್ಳಿಯ ಮೈಯನ್ನು ಮುಚ್ಚಲಾರದೆ ನಗರದ ಸಹೃದಯರ ಆದರವನ್ನೇ ನಂಬಿ ನಿಂತರೆ, ಆ ಆದರ ಬತ್ತಿದ ದಿನ ಏನು ಗತಿ?

ಆ ದಿನ ಬಂದೂ ಬಂದಿತು. 2020ರ ಸಾಂಕ್ರಾಮಿಕದ ಕಾಲದಲ್ಲಿ ಮಾರಾಟ ನಿಂತು, ನೇಯ್ದ ಬಟ್ಟೆ ದಾಸ್ತಾನಾಗಿ ಉಳಿದು, ಚರಕ ತಾನು ದಿವಾಳಿಯಾಗಿರುವುದಾಗಿ ಬಹಿರಂಗವಾಗಿ ಸಾರಬೇಕಾಯಿತು. ಅದೇ ವರ್ಷ ಕೇಂದ್ರ ಸರಕಾರ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದುಗೊಳಿಸಿತು. 2015ರಿಂದ ಆಗಸ್ಟ್ 7ನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸುತ್ತ ಬಂದ ಸರಕಾರವೇ ಇದನ್ನು ಮಾಡಿತೆಂಬುದನ್ನು ವಾಚಕರು ತಾವೇ ತೂಗಿ ನೋಡಲಿ. 1985ರಲ್ಲಿ ಸಂಸತ್ತು ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾಯಿದೆಯನ್ನು ಮಾಡಿತ್ತು. ಮೊದಲಿಗೆ ಇಪ್ಪತ್ತೆರಡಿದ್ದ ಆ ಪಟ್ಟಿ ಮುಂದೆ ಹನ್ನೊಂದಕ್ಕೆ ಇಳಿಯಿತು. ಉಳಿದ ಹನ್ನೊಂದನ್ನೂ ವಿದ್ಯುತ್ ಮಗ್ಗಗಳು ರಾಜಾರೋಷವಾಗಿ ನೇಯ್ದವು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಕೈಯಿಂದ ಮಾಡಿದ ವಸ್ತುಗಳಿಗೆ ಅದರಿಂದ ಪೂರ್ಣ ವಿನಾಯಿತಿ ಬೇಕೆಂದು ಪ್ರಸನ್ನ ಅವರು ಕರ ನಿರಾಕರಣೆಯ ಸತ್ಯಾಗ್ರಹ ಹೂಡಿದರು. ಆ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಉಪವಾಸ ಕುಳಿತರು. ಕೈಯ ದುಡಿಮೆಗೂ ಯಂತ್ರದ ದುಡಿಮೆಗೂ ಒಂದೇ ಅಳತೆಗೋಲು ಹಿಡಿಯುವುದು ನ್ಯಾಯವಲ್ಲವೆಂಬುದು ಅವರ ವಾದದ ತಿರುಳು. ಈ ವಾದವನ್ನು ಭಾವುಕತೆಯೆಂದು ತಳ್ಳಿಹಾಕಿದ ಅರ್ಥಶಾಸ್ತ್ರಜ್ಞರು, ಯಂತ್ರಕ್ಕೆ ದೊರೆಯುವ ವಿದ್ಯುತ್ತಿನ ರಿಯಾಯಿತಿಯನ್ನು ಭಾವುಕತೆಯೆಂದು ಎಂದೂ ಕರೆದಿಲ್ಲ.

ರವೀಂದ್ರನಾಥ ಠಾಕೂರರು 1922ರಲ್ಲಿ ಶ್ರೀನಿಕೇತನವನ್ನು ಸ್ಥಾಪಿಸಿ, 1928ರಲ್ಲಿ ವೃಕ್ಷಾರೋಪಣ, ಹಲಕರ್ಷಣಗಳನ್ನು ಹಾಡು ಕುಣಿತಗಳ ಉತ್ಸವಗಳನ್ನಾಗಿ ಮಾಡಿದಾಗಲೂ ಇದೇ ತೊಡಕು ಇದ್ದಿತು. ಅಲ್ಲಿಯ ಕಸುಬುಗಳು ಸೊಗಸಾಗಿ ಬೆಳೆದವು. ಕೊಳ್ಳುವವರು ಮಾತ್ರ ಹೆಚ್ಚಾಗಿ ಪಟ್ಟಣದ ಸುಸಂಸ್ಕೃತರೇ ಆದರು. ಚರಕವನ್ನು ಇದೊಂದಕ್ಕಾಗಿ ದೂಷಿಸುವುದು ಸಲ್ಲದು. ಆದರೆ ತೊಡಕನ್ನು ಬಿಡಿಸುವುದು ನೇಯುವವರೊಬ್ಬರಿಂದ ಆಗುವ ಕೆಲಸವೂ ಅಲ್ಲ.

ಈ ಮಾತನ್ನು ನಮ್ಮ ಅಂಗಳಕ್ಕೇ ತರೋಣ. ನಾಡಿನಲ್ಲಿ ಮಠಮಾನ್ಯಗಳಷ್ಟು ಬಟ್ಟೆಯನ್ನು ಕೊಂಡು ಹಂಚುವ ಸಂಸ್ಥೆಗಳು ಎಷ್ಟಿವೆ? ಜಾತ್ರೆ, ಪುಣ್ಯಸ್ಮರಣೆ, ಸಾಮೂಹಿಕ ವಿವಾಹ, ಸನ್ಮಾನ ಒಂದೊಂದರಲ್ಲಿಯೂ ಶಾಲು, ಧೋತರ, ಸೀರೆ, ಕುಪ್ಪಸಗಳು ರಾಶಿರಾಶಿಯಾಗಿ ಕೈ ಬದಲಿಸುತ್ತವೆ. ಕಾಯಕವನ್ನು ಕುರಿತು ಒಂದು ಗಂಟೆ ಆಶೀರ್ವಚನ ನೀಡಿದ ಮೇಲೆ ಅತಿಥಿಗಳ ಹೆಗಲಿಗೆ ನಾವು ಹೊದಿಸುವುದು ಯಾವ ಶಾಲನ್ನು? ಥಳಥಳಿಸುವ ಪಾಲಿಯೆಸ್ಟರ್ ಶಾಲನ್ನು. ಅವರು ಅದನ್ನು ಮನೆಗೆ ಒಯ್ದು ಪೆಟ್ಟಿಗೆಯಲ್ಲಿಟ್ಟು, ಇನ್ನೊಂದು ಸಮಾರಂಭದಲ್ಲಿ ಇನ್ನೊಬ್ಬರಿಗೆ ಹೊದಿಸುತ್ತಾರೆ. ನಾವು ಉಡುವ ಕಾವಿಯ ವಿಷಯವೂ ಅಷ್ಟೆ. ಕಾವಿಯೆಂಬುದು ಮೊದಲಿಗೆ ಒಂದು ಮಣ್ಣಿನ ಹೆಸರು. ಬಿಳಿಯ ಅರಿವೆಯನ್ನು ಆ ಮಣ್ಣಿನಲ್ಲಿ ಅದ್ದಿ ಒಣಗಿಸಿದ್ದೇ ಕಾವಿಬಟ್ಟೆ. ಇಂದು ಅದು ಅಂಗಡಿಯಲ್ಲಿ ಥಾನುಗಟ್ಟಲೆ ದೊರೆಯುವ ರಾಸಾಯನಿಕ ಬಣ್ಣ. ಜೇಡರ ದಾಸಿಮಯ್ಯನವರ ಹೆಸರಿನಲ್ಲಿ ಗೋಷ್ಠಿ ನಡೆಸುವ ನಮಗೆ ನಮ್ಮ ಹೆಗಲ ಮೇಲಿನ ನೂಲು ಯಾರ ಕೈಯದೆಂದು ತಿಳಿದಿಲ್ಲ.

ಭೀಮನಕೋಣೆಯಂಥ ಕಡೆಯಿಂದ ಬಟ್ಟೆ ತರಿಸುವುದಾದರೆ ಕೆಲವು ರೂಢಿಗಳನ್ನು ಬದಲಿಸಬೇಕಾಗುತ್ತದೆಂಬುದನ್ನೂ ಹೇಳಬೇಕು. ಹಿಂದಿನ ವಾರ ಹೇಳಿ ಈ ವಾರ ತರಿಸಲಾಗದು. ಜಾತ್ರೆಗೆ ಇನ್ನೂರು ಶಾಲು ಬೇಕಾದರೆ ತಿಂಗಳುಗಳ ಮೊದಲೇ ತಿಳಿಸಬೇಕು, ಮುಂಗಡವನ್ನು ಕೊಡಬೇಕು, ಆ ಸುಗ್ಗಿಯ ಚೊಗರು ಎಂಥದು ದೊರೆಯುವುದೋ ಅದಕ್ಕೆ ಒಪ್ಪಬೇಕು. ಬೆಲೆ ಹೆಚ್ಚಾದುದರಿಂದ ಸನ್ಮಾನಿತರ ಸಂಖ್ಯೆಯನ್ನು ಇಳಿಸಬೇಕಾದೀತು; ಅದರಿಂದ ಸಭೆಗೆ ಹಾನಿಯೇನೂ ಇಲ್ಲ. ಇನ್ನು ಬಂದ ಇನ್ನೂರು ಶಾಲುಗಳೂ ಒಂದೇ ಬಣ್ಣದಲ್ಲಿರುವುದಿಲ್ಲ. ಮಂತ್ರಿಗಳಿಗೆ ಹೊದಿಸಿದ್ದು, ಪಕ್ಕದಲ್ಲಿ ಕುಳಿತ ಪ್ರಾಥಮಿಕ ಶಾಲೆಯ ಗುರುಗಳಿಗೆ ಹೊದಿಸಿದ್ದಕ್ಕಿಂತ ತುಸು ಮಾಸಲಾಗಿ ಕಂಡರೆ ನಮ್ಮ ಸ್ವಾಗತ ಸಮಿತಿಯವರು ಅದನ್ನು ಹಾಗೆಯೇ ಬಿಡುವರೋ, ಓಡಿಹೋಗಿ ಇನ್ನೊಂದನ್ನು ತರುವರೋ ನೋಡಬೇಕು.