ಜಗಲಿ ಹೋಯ್ತು, ರ‍್ಯಾಂಪ್ ಬಂತು

ಶಿವರಾತ್ರಿ ಕಳೆದ ಮೇಲೆ ಹೊಂಗೆ ಎಲೆ ಉದುರಿಸಿ ಮತ್ತೆ ಚಿಗುರುತ್ತೆ. ಮರದಡಿ ನೆರಳಿಲ್ಲದ ಆ ಕೆಲವು ದಿನ ಮನೆಗಳೇ ಬೀದಿಗೆ ನೆರಳು ಕೊಡಬೇಕು.

ಹೊಳೆನರಸೀಪುರ, ಅರಕಲಗೂಡಿನ ಹಳೇ ಬೀದಿಗಳಲ್ಲಿ ಅಲ್ಲಲ್ಲಿ ಉಳಿದಿರೋ ಹೆಂಚಿನ ಮನೆಗಳು ಆ ಕೆಲಸ ಮಾಡ್ತವೆ. ಮುಂದಕ್ಕೆ ಚಾಚಿದ ಸೂರು, ಅದರ ಕೆಳಗೆ ಜಗಲಿ. ಜಾಗ ಮನೆಯವರದ್ದೇ, ಆದರೆ ಸೊಪ್ಪಿನವಳು ಬುಟ್ಟಿ ಇಳಿಸೋಕೆ, ದಾರಿಹೋಕ ಕೂತು ನೀರು ಕೇಳೋಕೆ ಯಾರ ಅಪ್ಪಣೆಯೂ ಬೇಡ.

ಹಾಸನ, ಚನ್ನರಾಯಪಟ್ಟಣದ ಹೊಸ ಬಡಾವಣೆಗಳಲ್ಲಿ ಲೆಕ್ಕ ಉಲ್ಟಾ. 30-40 ಸೈಟಿನ ಅಂಚಿಗೇ ಕಾಂಪೌಂಡು, ಅದರಾಚೆ ಚರಂಡಿ ಮೇಲೆ ಕಾರು ಹತ್ತಿಸೋ ರ‍್ಯಾಂಪ್. ಜಗಲಿ ಮನೆಯ ಜಾಗವನ್ನು ಬೀದಿಗೆ ಬಿಟ್ಟುಕೊಡ್ತಿತ್ತು. ರ‍್ಯಾಂಪ್ ಬೀದಿಯ ಜಾಗವನ್ನೇ ಮನೆಗೆ ಎಳ್ಕೊಳ್ಳುತ್ತೆ. ನಡೆಯೋರು ರಸ್ತೆಗೇ ಇಳೀಬೇಕು.

ಕೂರೋಕೆ ಪಾರ್ಕ್ ಇದೆಯಲ್ಲ ಅಂತೀರಿ. ಹಾಸನದ ಮಹಾರಾಜ ಪಾರ್ಕ್ ನನಗೂ ಇಷ್ಟ. ಆದರೆ ಸಂತೆಯಿಂದ ಚೀಲ ಹೊತ್ತು ಬರೋ ಮಂಡಿನೋವಿನ ಅಜ್ಜಿಗೆ ದಾರೀಲೇ ಕೂರೋ ಜಾಗ ಬೇಕು.

ಮನೆ ಕಟ್ಟಿಸೋರು ಇಂಜಿನಿಯರಿಗೆ ಒಂದು ಮಾತು ಹೇಳಿ: ಕಾಂಪೌಂಡು ಎರಡಡಿ ಒಳಗಿರಲಿ, ಹೊರಗೊಂದು ಕಲ್ಲಿನ ಕಟ್ಟೆ, ಪಕ್ಕದಲ್ಲೊಂದು ಹೊಂಗೆ ಸಸಿ. ಗೇಟಿನ ಗ್ರಾನೈಟ್ ಖರ್ಚಿನ ಮುಂದೆ ಅದೇನು ದೊಡ್ಡದಲ್ಲ.