‘ಲಯನ್’ ತೋರಿಸದ ಇಪ್ಪತ್ತು ವರ್ಷ

ಗಾರ್ತ್ ಡೇವಿಸ್ ನಿರ್ದೇಶನದ ‘ಲಯನ್’ (2016) ಚಿತ್ರದ ಮೊದಲರ್ಧ ಐದು ವರ್ಷದ ಹುಡುಗನ ಎತ್ತರದಲ್ಲೇ ಸಾಗುತ್ತದೆ. ಮಧ್ಯಪ್ರದೇಶದ ಖಂಡ್ವಾದ ಬಡ ಕೇರಿಯ ಹುಡುಗ ಸರೂ. ಅಣ್ಣ ಗುಡ್ಡುವಿನ ಬೆನ್ನುಹತ್ತಿ ಹೋದವನು ಖಾಲಿ ರೈಲುಬೋಗಿಯಲ್ಲಿ ನಿದ್ದೆಹೋಗಿ ಕಲ್ಕತ್ತೆ ಸೇರುತ್ತಾನೆ. ಹೌರಾ ನಿಲ್ದಾಣದಲ್ಲಿ ಅವನ ಕಣ್ಣಿಗೆ ಬೀಳುವುದು ದೊಡ್ಡವರ ಕಾಲುಗಳು, ಕೈಚೀಲಗಳು. ಅವನ ಹಿಂದಿ ಅಲ್ಲಿ ಯಾರಿಗೂ ಬೇಡ. ಅವನು ಹೇಳುವ ಊರಿನ ಹೆಸರು ಯಾರಿಗೂ ಗೊತ್ತಿಲ್ಲ. ಸನ್ನಿ ಪವಾರ್ ಎಂಬ ಪುಟ್ಟ ನಟ ಇದನ್ನೆಲ್ಲ ಹೆಚ್ಚು ಮಾತಿಲ್ಲದೆ ಹೊತ್ತು ನಡೆಯುತ್ತಾನೆ. ಕಳೆದುಹೋಗುವುದು ಎಂದರೇನು ಎಂಬುದನ್ನು ಇಷ್ಟು ತಾಳ್ಮೆಯಿಂದ ತೋರಿಸಿದ ಚಿತ್ರಗಳು ಕಡಿಮೆ.

ಅನಾಥಾಶ್ರಮದ ಭಾಗವೂ ಚೆನ್ನಾಗಿದೆ. ಪತ್ರಿಕೆಯಲ್ಲಿ ಹುಡುಗನ ಫೋಟೊ ಹಾಕಿಸುತ್ತಾರೆ, ಯಾರೂ ಬರುವುದಿಲ್ಲ. ಬರುವುದಾದರೂ ಹೇಗೆ? ಅಮ್ಮ ಕಲ್ಲು ಹೊರುವ ಹೆಂಗಸು, ಓದು ಬಾರದವಳು, ಬೇರೊಂದು ರಾಜ್ಯದವಳು. ‘ಹುಡುಕಿದೆವು, ಸಿಗಲಿಲ್ಲ’ ಎಂಬ ಒಂದು ಮಾತಿನ ಮೇಲೆ ವಿದೇಶಿ ದತ್ತು ನಿಂತಿರುತ್ತದೆ ಎಂಬ ಕಟುಸತ್ಯವನ್ನು ಚಿತ್ರ ಯಾರನ್ನೂ ದೂರದೆ ಮುಂದಿಡುತ್ತದೆ.

ಸರೂ ಆಸ್ಟ್ರೇಲಿಯಾದ ಟಾಸ್ಮೇನಿಯಾದ ಹೋಬಾರ್ಟ್‌ಗೆ, ಬ್ರಿಯರ್ಲಿ ದಂಪತಿಯ ದತ್ತುಮಗನಾಗಿ ಹೋದದ್ದು 1987ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ತೂಗಿತ್ತು: ವಿದೇಶಕ್ಕೆ ದತ್ತು ಕೊಡುವುದಾದರೆ ಆದಷ್ಟೂ ಮೂರು ವರ್ಷ ತುಂಬುವ ಮೊದಲು ಕೊಡುವುದು ಒಳ್ಳೆಯದು, ದೊಡ್ಡ ಮಕ್ಕಳೂ ಹೊಂದಿಕೊಳ್ಳಬಲ್ಲರು, ಆದರೆ ಏಳು ದಾಟಿದ ಮಗುವಿನ ಇಷ್ಟವನ್ನೂ ಕೇಳಬೇಕು. ಭಾಷೆ, ರುಚಿ, ಭಯ, ಅಮ್ಮನ ಮುಖ ಎಲ್ಲವನ್ನೂ ಕಟ್ಟಿಕೊಂಡು ಬರುವ ಮಗು ಹೊಸ ಮನೆಯಲ್ಲಿ ಹೇಗೆ ಬೇರೂರುತ್ತದೆ? ನನಗೆ ನೋಡಬೇಕಿದ್ದದ್ದು ಅದು. ಅಷ್ಟರಲ್ಲಿ ‘ಇಪ್ಪತ್ತು ವರ್ಷಗಳ ನಂತರ’ ಎಂದು ತೆರೆಯ ಮೇಲೆ ಬರುತ್ತದೆ, ಸರೂ ದೇವ್ ಪಟೇಲ್ ಆಗಿಬಿಟ್ಟಿರುತ್ತಾನೆ. ಹಿಂದಿ ಅವನ ಬಾಯಿಂದ ಯಾವಾಗ ಜಾರಿತು, ಸಾಕುತಾಯಿಯನ್ನು ಅವನು ಮೊದಲ ಸಲ ‘ಮಮ್’ ಎಂದು ಕರೆದದ್ದು ಯಾವಾಗ, ಯಾವುದೂ ಇಲ್ಲ. ಕಳೆದದ್ದುಂಟು, ಸಿಕ್ಕಿದ್ದುಂಟು, ದತ್ತು ಎಂಬುದು ನಿಜವಾಗಿ ನಡೆಯುವ ಕಾಲವನ್ನೇ ಕತ್ತರಿಸಿ ಎಸೆದಿದ್ದಾರೆ.

ಆ ಕತ್ತರಿಯಿಂದ ಹೆಚ್ಚು ಪೆಟ್ಟು ತಿಂದವನು ಮಂತೋಷ್. ಸರೂ ಬಂದ ಸ್ವಲ್ಪ ಕಾಲಕ್ಕೆ ಬ್ರಿಯರ್ಲಿ ದಂಪತಿ ಭಾರತದಿಂದಲೇ ತಂದುಕೊಂಡ ಎರಡನೆಯ ಮಗ. ಬಂದ ಹೊಸತರಲ್ಲೇ ಅವನು ತನ್ನ ತಲೆಗೆ ತಾನೇ ಹೊಡೆದುಕೊಳ್ಳುತ್ತಾನೆ, ಮನೆಯವರು ಕಂಗಾಲಾಗುತ್ತಾರೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಸತ್ಯವೆನಿಸಿದ ಗಳಿಗೆ ಅದು. ಪ್ರೀತಿ ಸಿದ್ಧವಾಗಿದೆ, ಹಾಸಿಗೆ ಸಿದ್ಧವಾಗಿದೆ, ಆದರೆ ಮಗುವಿನ ಮೈ ಇನ್ನೂ ಹಳೆಯ ಜಾಗದಲ್ಲೇ ಪೆಟ್ಟು ತಿನ್ನುತ್ತಿದೆ. ಚಿತ್ರ ಮಾತ್ರ ಇವನನ್ನು ಸರೂ ಪಕ್ಕದಲ್ಲಿ ‘ಹೊಂದಿಕೊಳ್ಳದವ’ನಾಗಿ ನಿಲ್ಲಿಸಿ ಮುಂದೆ ಹೋಗುತ್ತದೆ. ಒಬ್ಬ ಒಳ್ಳೆಯ ಮಗ, ಒಬ್ಬ ಕಷ್ಟದ ಮಗ. ದೊಡ್ಡ ಮಕ್ಕಳನ್ನು ದತ್ತು ತೆಗೆದುಕೊಳ್ಳುವ ಬಗ್ಗೆ ಸಮಾಜ ಮೊದಲೇ ನಂಬಿಕೊಂಡಿರುವುದೂ ಇದನ್ನೇ, ಆದ್ದರಿಂದ ಈ ಜೋಡಣೆ ನನಗೆ ಅನ್ಯಾಯವೆನಿಸುತ್ತದೆ.

ಸರೂ ಮತ್ತು ಸಾಕುತಾಯಿ ಸೂ ಮಾತಾಡುವ ದೃಶ್ಯದಲ್ಲಿ ಚಿತ್ರ ಈ ನೋವಿನ ಹತ್ತಿರ ಬರುತ್ತದೆ. ನಾವು ಖಾಲಿ ಹಾಳೆಯಾಗಿ ಬರಲಿಲ್ಲ, ನಮ್ಮ ಹಿಂದಿನದನ್ನೂ ನೀವು ಹೊರಬೇಕಾಯಿತು ಎಂಬರ್ಥದಲ್ಲಿ ಮಗ ಹೇಳುತ್ತಾನೆ. ತನಗೆ ಮಕ್ಕಳಾಗಬಹುದಿತ್ತು, ಆದರೂ ಇವರನ್ನೇ ಬಯಸಿದೆ ಎಂದು ತಾಯಿ ಹೇಳುತ್ತಾಳೆ. ನಿಕೋಲ್ ಕಿಡ್ಮನ್ ಇಲ್ಲಿ ಅದ್ಭುತ. ಆ ಮುಖದ ಆಯಾಸದಲ್ಲಿ ಎಷ್ಟೋ ವರ್ಷಗಳ ನಿದ್ದೆಗೆಟ್ಟ ರಾತ್ರಿಗಳಿವೆ. ಆದರೂ ಮಾತು ಅವಳ ಆಯ್ಕೆಯ ದೊಡ್ಡತನದ ಕಡೆ ತಿರುಗುತ್ತದೆ, ಆಯ್ಕೆಯೇ ಇಲ್ಲದಿದ್ದ ಮಂತೋಷ್ ಮತ್ತೆ ಆ ಕೋಣೆಯ ಹೊರಗೇ ಉಳಿಯುತ್ತಾನೆ.

ಉಳಿದದ್ದು ಹುಟ್ಟೂರಿನ ಹುಡುಕಾಟ: ಗೂಗಲ್ ಅರ್ಥ್, ಗೋಡೆಯ ತುಂಬ ನಕ್ಷೆ, ಕೊನೆಗೆ ಊರು. ತಾಯಿಮಗ ಸೇರುವಾಗ ನನ್ನ ಗಂಟಲೂ ಕಟ್ಟಿತು. ಆದರೆ ಸರೂಗೆ ಕಳೆದುಹೋದದ್ದು ಒಂದು ಊರು, ಅದನ್ನು ಉಪಗ್ರಹದಿಂದ ಹುಡುಕಬಹುದು. ದೊಡ್ಡ ಮಂತೋಷ್ ಆಗಿ ಕೆಲವೇ ದೃಶ್ಯಗಳಲ್ಲಿ ಬರುವ ಡಿವಿಯನ್ ಲದ್ವಾ ಬಾಗಿದ ಭುಜಗಳಲ್ಲಿ ಬೇರೊಂದು ಕತೆ ಇಟ್ಟಿದ್ದಾರೆ. ಹಿಂತಿರುಗಿ ಹೋಗಲು ಊರೇ ಇಲ್ಲದ, ಇದ್ದರೂ ಹೋಗಲು ಮನಸ್ಸಿಲ್ಲದ ಮಗುವಿನ ಕತೆ ಅದು. ಯಾರಾದರೂ ಅವನನ್ನು ನಡುವಿಗಿಟ್ಟು, ಆ ಇಪ್ಪತ್ತು ವರ್ಷಗಳಲ್ಲಿ ಒಂದನ್ನಾದರೂ ಪೂರ್ತಿಯಾಗಿ ತೋರಿಸುವ ಚಿತ್ರ ಮಾಡಬೇಕು.