ಮಾಲೂರಿನ ಮತಗಣನೆಯ ವಿವಾದವೂ ವ್ಯವಹಾರದ ನಾಲ್ಕು ಪಾದಗಳೂ

ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯು ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನವೆಂಬುದು ವಾಚಕರಿಗೆ ವಿದಿತವೇ ಆಗಿದೆ. ಅದರ ವ್ಯವಹಾರಾಧ್ಯಾಯದಲ್ಲಿ ವ್ಯಾಜ್ಯಕ್ಕೆ ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂದು ನಾಲ್ಕು ಪಾದಗಳನ್ನು ಹೇಳಿದೆ. ವಾದಿಯ ಅಭಿಯೋಗವು ಭಾಷೆ, ಪ್ರತಿವಾದಿಯ ಸಮಾಧಾನವು ಉತ್ತರ, ಪ್ರಮಾಣಗಳನ್ನು ಮುಂದಿಡುವುದು ಕ್ರಿಯೆ, ನಿರ್ಣಯವು ಸಾಧ್ಯಸಿದ್ಧಿ. ಈ ಕ್ರಮವನ್ನು ಒರೆಗಲ್ಲಾಗಿಟ್ಟು ಮಾಲೂರಿನ ಚುನಾವಣಾವಿವಾದವನ್ನು ವಿಮರ್ಶಿಸುವುದೇ ಇಲ್ಲಿಯ ಉದ್ದೇಶ.

2023ರ ಮೇ ತಿಂಗಳಲ್ಲಿ ನಡೆದ ವಿಧಾನಸಭೆಯ ಚುನಾವಣೆಯಲ್ಲಿ ಕೋಲಾರ ಜಿಲ್ಲೆಯ ಮಾಲೂರಿನಿಂದ ಕಾಂಗ್ರೆಸ್ಸಿನ ಕೆ. ವೈ. ನಂಜೇಗೌಡರು ಭಾರತೀಯ ಜನತಾ ಪಕ್ಷದ ಕೆ. ಎಸ್. ಮಂಜುನಾಥಗೌಡರಿಗಿಂತ 248 ಮತಗಳನ್ನು ಹೆಚ್ಚಾಗಿ ಪಡೆದರೆಂದು ಘೋಷಿಸಲ್ಪಟ್ಟಿತು. ಅಂತರವು ಅಲ್ಪವಾದುದೇ ದೋಷವಲ್ಲ; 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣರು ಒಂದೇ ಮತದಿಂದ ಗೆದ್ದುದುಂಟು. ಕೇಳಿದ ಮಾತ್ರಕ್ಕೆ ಮತಪತ್ರಗಳನ್ನು ತೆರೆದು ನೋಡುವುದು ಸಲ್ಲದೆಂದೂ, ಅದಕ್ಕೆ ಆಧಾರವಾದ ಸಂಗತಿಗಳನ್ನು ಅರ್ಜಿಯಲ್ಲಿಯೇ ಸ್ಪಷ್ಟಪಡಿಸಿರಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 1964ರಲ್ಲಿ ರಾಮ್ ಸೇವಕ್ ಯಾದವರ ಮೊಕದ್ದಮೆಯಲ್ಲಿ ನಿರ್ಣಯಿಸಿದೆ.

ಮಾಲೂರಿನ ವಿಷಯದಲ್ಲಾದರೋ, ಎಣಿಕೆಯ ವಿಡಿಯೋ ಚಿತ್ರಣವನ್ನು ಅಧಿಕಾರಿಗಳು ಉಚ್ಚ ನ್ಯಾಯಾಲಯದ ಮುಂದೆ ಹಾಜರುಪಡಿಸಲಿಲ್ಲ. 2025ರ ಸೆಪ್ಟೆಂಬರ್ 16ರಂದು ಆ ನ್ಯಾಯಾಲಯವು ಆಯ್ಕೆಯನ್ನು ರದ್ದುಗೊಳಿಸಿ, ಮರು ಎಣಿಕೆಗೆ ಆಜ್ಞಾಪಿಸಿ, ಮೇಲ್ಮನವಿಗೆ ಅವಕಾಶವಾಗುವಂತೆ ತನ್ನ ಆಜ್ಞೆಯನ್ನು 30 ದಿನ ತಡೆಹಿಡಿಯಿತು. ಮರು ಎಣಿಕೆಯು ಯುಕ್ತವೇ. ಆದರೆ ದಾಖಲೆಯ ಅಭಾವದಿಂದ ಸಂಶಯವು ಹುಟ್ಟುವುದೇ ಹೊರತು, ಎಣಿಕೆಯು ತಪ್ಪೆಂಬುದು ಸಿದ್ಧವಾಗದು. ಮರು ಎಣಿಕೆಯು ಕ್ರಿಯೆ, ರದ್ದತಿಯು ಸಾಧ್ಯಸಿದ್ಧಿ. ಹೀಗಿರಲು ನಾಲ್ಕನೆಯ ಪಾದವು ಮೂರನೆಯದಕ್ಕಿಂತ ಮುಂದಾಯಿತು. ದಾಖಲೆಯನ್ನು ಕಾಯದ ದೋಷಕ್ಕೆ ರದ್ದತಿಯೇ ತಕ್ಕ ಪ್ರತೀಕಾರವೆಂದು ಪೂರ್ವಪಕ್ಷಿಗಳು ಹೇಳಬಹುದು. ಆ ದೋಷವು ಅಧಿಕಾರಿಗಳದು. ಅದರ ದಂಡವು ಮತದಾರರ ಮೇಲೆ ಬೀಳತಕ್ಕುದಲ್ಲ. ಅಕ್ಟೋಬರ್ 14ರಂದು ಸರ್ವೋಚ್ಚ ನ್ಯಾಯಾಲಯವು ರದ್ದತಿಯನ್ನು ತಡೆದು, ಮರು ಎಣಿಕೆಯನ್ನು ಮಾತ್ರ ನಡೆಯಗೊಟ್ಟು, ಅದರ ಫಲವನ್ನು ಮುಚ್ಚಿದ ಲಕೋಟೆಯಲ್ಲಿ ತನಗೆ ಒಪ್ಪಿಸಬೇಕೆಂದಿತು. ಶಾಸ್ತ್ರೋಕ್ತ ಕ್ರಮಕ್ಕೆ ಇದೇ ಅನುಗುಣವಾದುದು.

ಇದಕ್ಕಿಂತ ಗುರುತರವಾದ ಆಕ್ಷೇಪವು ಕಾಲವಿಳಂಬದ್ದು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ಅರ್ಜಿ ಸಲ್ಲಿಸಲು 45 ದಿನಗಳ ಅವಧಿಯನ್ನು ವಿಧಿಸಿ, ವಿಚಾರಣೆಯನ್ನು 6 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆನ್ನುತ್ತದೆ. ಮಾಲೂರಿನಲ್ಲಿ ಫಲಿತಾಂಶದಿಂದ ತೀರ್ಪಿಗೆ 28 ತಿಂಗಳು ಹಿಡಿದುವು. ಐದು ವರ್ಷಗಳ ಅವಧಿಯಲ್ಲಿ ಹೆಚ್ಚುಕಡಿಮೆ ಅರ್ಧವು ಸಂಶಯದಲ್ಲಿಯೇ ಕಳೆಯಿತು. ತಮ್ಮ ಪ್ರತಿನಿಧಿ ಯಾರೆಂಬುದು ಅವಧಿ ತೀರುವಾಗ ನಿಶ್ಚಿತವಾದರೆ ಮತದಾರರಿಗೆ ಪ್ರಯೋಜನವೇನು? ಆದುದರಿಂದ ಎಣಿಕೆಯ ದಾಖಲೆಗಳನ್ನು ವಿವಾದವು ತೀರುವವರೆಗೂ ಕಾಪಾಡುವುದೂ, ಆಧಾರವುಳ್ಳ ಅರ್ಜಿಗಳಲ್ಲಿ ಕ್ರಿಯಾಪಾದವನ್ನು ಆ 6 ತಿಂಗಳೊಳಗೇ ಪೂರೈಸುವುದೂ ಅವಶ್ಯಕವೆಂದು ನಮ್ಮ ಅಭಿಪ್ರಾಯ. ವಿದ್ವಾಂಸರು ಇದನ್ನು ಪರಾಮರ್ಶಿಸಬೇಕಾಗಿ ಪ್ರಾರ್ಥನೆ.